ಇಸ್ಮಾಯಿಲನ ಮೂರನೆಯ ಕಲ್ಲು

ಹೊರಡುವ ಮೊದಲು: ಗಂಗೊಳ್ಳಿ

ವಿದೇಶಕ್ಕೆ ಹೋಗಿಬಂದವರು ಮೊದಲು ವಿಮಾನದ ಕಿಟಕಿಯಿಂದ ಕಂಡ ಮೋಡಗಳ ಬಗ್ಗೆ ಬರೆಯುತ್ತಾರೆ. ನನಗೆ ಕಿಟಕಿ ಸಿಗಲಿಲ್ಲ. ನಡುವಿನ ಸೀಟು ಸಿಕ್ಕಿತು. ಎಡಕ್ಕೊಬ್ಬ ಗೊರಕೆ ಹೊಡೆಯುತ್ತಿದ್ದ, ಬಲಕ್ಕೊಬ್ಬ ಅವನಿಗೆ ಸಾಥ್ ಕೊಡುತ್ತಿದ್ದ. ಆದ್ದರಿಂದ ಮೋಡಗಳನ್ನು ಬಿಟ್ಟು, ಗಂಗೊಳ್ಳಿಯ ಮೀನು ಒಣಗಿಸುವ ಅಂಗಳದಿಂದಲೇ ಶುರುಮಾಡುತ್ತೇನೆ.

ನನ್ನ ಮನೆ ತೆಕ್ಕಟ್ಟೆ. ನಿವೃತ್ತಿಯವರೆಗೂ ಗಂಗೊಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳಿದವನು. ಮಗಳು ಒಮಾನ್ ದೇಶದ ಸಲಾಲದಲ್ಲಿ ನರ್ಸು. ‘ಒಮ್ಮೆಯಾದರೂ ಬಾ ಅಪ್ಪಯ್ಯ’ ಎಂದು ಅವಳು ಕರೆಯುವುದು, ನಾನು ಮೊಣಕಾಲಿನ ನೆವ ಹೇಳುವುದು, ಹೀಗೇ ಕೆಲವು ವರ್ಷ ಕಳೆದಿತ್ತು. ಈ ಸಲ ಟಿಕೆಟನ್ನೇ ಕಳಿಸಿದಳು. ಮೇಷ್ಟ್ರು ಒಮಾನಿಗೆ ಹೋಗುತ್ತಾರೆ ಎಂಬ ಸುದ್ದಿ ಗಂಗೊಳ್ಳಿಗೆ ನನಗಿಂತ ಮೊದಲು ತಲುಪಿತು. ಮರುದಿನವೇ ಜೈನಾಬಿಯ ಫೋನು, ಒಮ್ಮೆ ಬಂದುಹೋಗಿ ಎಂದು. ಹೋದೆ.

ಜೈನಾಬಿಯೂ ಅವಳ ಗಂಡ ಇಸ್ಮಾಯಿಲನೂ ನನ್ನ ವಿದ್ಯಾರ್ಥಿಗಳು. ಇಸ್ಮಾಯಿಲ ಒಮಾನಿನಲ್ಲಿ ಮೀನಿನ ಬೋಟಿಗೆ ಹೋಗುತ್ತಿದ್ದ. ಎಂಟೊಂಬತ್ತು ವರ್ಷದ ಹಿಂದೆ, ಬಲೆ ಎಳೆಯುತ್ತಿದ್ದವನು ಬೋಟಿನಲ್ಲೇ ಕುಸಿದುಬಿದ್ದ. ಬೋಟು ಹತ್ತಿರದ ಹಳ್ಳಿಗೆ ಬರುವಷ್ಟರಲ್ಲಿ ಜೀವ ಹೋಗಿತ್ತು. ತಡಮಾಡಬಾರದೆಂದು ಆ ಹಳ್ಳಿಯವರೇ ಅದೇ ಸಂಜೆ ಮಣ್ಣು ಮಾಡಿದರು. ಜೈನಾಬಿಗೆ ಬಂದದ್ದು ಒಂದು ಫೋನು ಮಾತ್ರ.

“ಮಾಷ್ಟ್ರೆ, ನಂಗೆ ಬೇರೆ ಎಂತದೂ ಬೇಡ. ಅವ್ರ್ ಮಲ್ಕಂಡ ಜಾಗದ್ದ್ ಒಂದ್ ಫೋಟೋ ತಕಂಡ್ ಬನ್ನಿ,” ಎಂದಳು, ಒಣಮೀನಿನ ಬುಟ್ಟಿಯ ಪಕ್ಕದಲ್ಲಿ ನನಗೊಂದು ಕುರ್ಚಿ ಹಾಕಿ. “ಇಷ್ಟ್ ವರ್ಷ ಆಯ್ತ್, ಯಾವ್ ದಿಕ್ಕಿಗೆ ಮಕ ಮಾಡಿ ಮರ್ಕುದ್ ಹೇಳಿಯೂ ಗೊತ್ತಿಲ್ಲೆ ನಂಗೆ.”

ಅಳುವುದಕ್ಕೂ ಒಂದು ದಿಕ್ಕು ಬೇಕಾಗುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ.

ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದವನು ನಾರಾಯಣ. ಇಸ್ಮಾಯಿಲನ ಜತೆ ಅದೇ ಬೋಟಿನಲ್ಲಿದ್ದವನು, ಅವನ ಜೀವದ ಗೆಳೆಯ. ಗೆಳೆಯ ಹೋದಮೇಲೆ ಅಲ್ಲಿರಲಾರದೆ ಊರಿಗೆ ಬಂದುಬಿಟ್ಟಿದ್ದ. ಅವನು ಬಲೆ ಬಿಟ್ಟು ಎದ್ದುಬಂದ.

“ಹ್ವಾಯ್ ಮಾಷ್ಟ್ರೆ, ಹುಡ್ಕುಕೆ ಎಂತ ಕಷ್ಟ ಇಲ್ಲೆ. ಅಲ್ಲ್ ಒಂದ್ ಗೋರಿಗೂ ಹೆಸ್ರಿಲ್ಲೆ ಕಾಣಿ. ತಲೆ ಹತ್ರ ಒಂದ್ ಕಲ್, ಕಾಲ್ ಹತ್ರ ಒಂದ್ ಕಲ್, ಅಷ್ಟೇ. ನಾಳಿಗ್ ಇವ್ನ ಮನೆಯವ್ರ್ ಬಂದ್ರೆ ಗುರ್ತ್ ಹಿಡಿಯುದ್ ಹ್ಯಾಂಗೆ ಅಂದೇಳಿ, ಎಲ್ಲರೂ ಹೋದ್ಮೇಲೆ ನಾನ್ ಒಬ್ನೇ ವಾಪಸ್ ಹೋಯಿ ನಡು ಮಧ್ಯ ಮೂರ್ನೇ ಕಲ್ ನೆಟ್ ಬಂದೆ. ಕಡ್ಲ್ ಬದಿ ಗೋಡೆ ಹತ್ರ, ಮೂರ್ ಕಲ್. ಕಣ್ಣ್ ಮುಚ್ಕಂಡ್ ಹೋದ್ರೂ ಸಿಕ್ಕತ್ತ್.”

ಜೈನಾಬಿ ಒಂದು ಬಾಟಲಿಯಲ್ಲಿ ಮನೆಯ ಬಾವಿನೀರು ತುಂಬಿಸಿಕೊಟ್ಟಳು. ಗೋರಿಯ ಮೇಲೆ ನೀರು ಚಿಮುಕಿಸುವುದು ಅವರ ಪದ್ಧತಿ. ಅವನು ಕುಡಿದು ಬೆಳೆದ ನೀರೇ ಆಗಲಿ ಎಂದು ಅವಳ ಆಸೆ.

ಮಂಗಳೂರು

ಆ ಬಾಟಲಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಕಿತ್ತು. ಉಪ್ಪಿನಕಾಯಿ, ಹಪ್ಪಳ, ಕೊಚ್ಚಕ್ಕಿ ಇವೆಲ್ಲ ಮಗಳಿಗೆಂದು ಪೆಟ್ಟಿಗೆಯೊಳಗೆ ಭದ್ರವಾಗಿ ಕೂತಿದ್ದವು. ನೀರು ಮಾತ್ರ, ಬೆಲೆಬಾಳುವ ವಸ್ತುವೆಂದು, ಕೈಚೀಲದಲ್ಲಿತ್ತು. ಮೊದಲ ಸಲ ವಿಮಾನ ಹತ್ತುವವನ ಬುದ್ಧಿ ಹೇಗಿರುತ್ತದೆ ನೋಡಿ.

ತಪಾಸಣೆಯಲ್ಲಿ ನಿಂತಿದ್ದ ಹುಡುಗಿ ಬಾಟಲಿ ಎತ್ತಿ ಹಿಡಿದು, “ಇದು ಹೋಗೂದಿಲ್ಲ ಅಂಕಲ್,” ಎಂದಳು. ನಾನು ಪಾಠ ಶುರುಮಾಡಿದೆ: ಇದು ಬರೀ ನೀರಲ್ಲ, ಒಬ್ಬ ಸತ್ತವನ ಗೋರಿಗೆ, ಅವನ ಹೆಂಡತಿ ಕೊಟ್ಟದ್ದು. ಸತ್ತವನು ಎನ್ನುತ್ತಲೇ ಇನ್ನೊಬ್ಬ ಅಧಿಕಾರಿ ಬಂದ. ನನ್ನ ಹಿಂದಿನ ಸಾಲಿನವರು ನಿಟ್ಟುಸಿರು ಬಿಟ್ಟರು. ಆ ಅಧಿಕಾರಿಗೂ ಬೇಸರವಾಗಿರಬೇಕು. “ಒಂದೋ ಇಲ್ಲೇ ಕುಡೀರಿ, ಇಲ್ಲಾ ಆ ಡಬ್ಬಿಗೆ ಹಾಕಿ,” ಎಂದ.

ಡಬ್ಬಿಯಲ್ಲಿ ಯಾರೋ ಎಸೆದ ತಂಪುಪಾನೀಯ, ಶಾಂಪೂ, ಅರ್ಧ ತಿಂದ ಬನ್ನು ಇದ್ದವು. ಅದರೊಳಗೆ ಹಾಕಲು ಮನಸ್ಸಾಗಲಿಲ್ಲ. ಇಸ್ಮಾಯಿಲನ ಗೋರಿಗೆ ಸೇರಬೇಕಾದ ನೀರನ್ನು ನಾನು ಅಲ್ಲೇ ನಿಂತು, ಬೆಲ್ಟು ಕಳಚಿದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಪೂರ್ತಿ ಕುಡಿದೆ. ಸ್ವಲ್ಪ ಉಪ್ಪು ಉಪ್ಪಾಗಿತ್ತು. ವಿಮಾನದಲ್ಲಿ ಗೊರಕೆಯವನನ್ನು ದಾಟಿಕೊಂಡು ಎರಡು ಸಲ ಶೌಚಕ್ಕೆ ಹೋಗಬೇಕಾಯಿತು. ಪ್ರವಾಸ ಎಡವಟ್ಟಾಗುತ್ತದೆಂದು ಆಗಲೇ ಅನ್ನಿಸಿತ್ತು.

ಸಲಾಲ

ಮರುಭೂಮಿ ನೋಡಲು ತಯಾರಾಗಿ ಹೋದವನಿಗೆ ಸಲಾಲದಲ್ಲಿ ಸಿಕ್ಕಿದ್ದು ತೆಂಗಿನಮರ, ಬಾಳೆಗೊನೆ ಮತ್ತು ಜಿಟಿಜಿಟಿ ಮಳೆ. ರಸ್ತೆಬದಿಯಲ್ಲಿ ಎಳನೀರಿನ ರಾಶಿ. ಇದಕ್ಕಾಗಿ ತೆಕ್ಕಟ್ಟೆಯಿಂದ ಇಷ್ಟು ದೂರ ಬರಬೇಕಿತ್ತೇ ಎಂದು ಮಗಳನ್ನು ಕೇಳಿದೆ. ಆ ಕಡೆಯ ಒಣ ಸೀಮೆಗಳಿಂದೆಲ್ಲ ಜನ ಕಾರು ಮಾಡಿಕೊಂಡು ಈ ಮಳೆ ನೋಡಲು ಬರುತ್ತಾರೆ. ಗುಡ್ಡದ ಹುಲ್ಲಿನ ಮೇಲೆ ಕಂಬಳಿ ಹಾಸಿ, ತಲೆ ಒದ್ದೆ ಮಾಡಿಕೊಂಡು, ಸಂಸಾರಸಮೇತ ಚಾ ಕುಡಿಯುತ್ತಾರೆ. ನಮ್ಮಲ್ಲಿ ಹೀಗೆ ಕೂತರೆ ಮನೆಯವರು ಬೈದು ಒಳಗೆ ಎಳೆದುಕೊಳ್ಳುತ್ತಾರೆ.

ಹಳ್ಳಿಗೆ ಕರೆದೊಯ್ಯಲು ಮಗಳು ಸಲೀಮನನ್ನು ಗೊತ್ತುಮಾಡಿದ್ದಳು. ಬೈಂದೂರು ಕಡೆಯ ಶಿರೂರಿನವನು, ಈಗ ಸಲಾಲದಲ್ಲಿ ಗಾಡಿ ಓಡಿಸುತ್ತಾನೆ, ಅರಬ್ಬಿಯನ್ನು ನೀರು ಕುಡಿದಂತೆ ಮಾತಾಡುತ್ತಾನೆ. ನನ್ನ ಬಾಯಿಂದ ಒಂದು ಮಾತು ಬಿದ್ದದ್ದೇ, “ಓಹ್, ನಮ್ಮ್ ಬದಿಯರೇ! ಬನಿ, ಮುಂದಿನ ಸೀಟಂಗೆ ಕೂಕಣಿ,” ಎಂದ.

ಕಡಲ ಬದಿಯ ರಸ್ತೆ. ಸಲಾಲ ದಾಟುತ್ತಲೇ ಮಳೆ ಹಿಂದೆ ಉಳಿದು ಬಿಸಿಲು ಬಂತು. ಅಲ್ಲಲ್ಲಿ ಒಂಟೆಗಳು ನಮ್ಮ ಕಾರು ಇರುವುದೇ ಲೆಕ್ಕಕ್ಕಿಲ್ಲ ಎಂಬಂತೆ ಅಡ್ಡ ನಿಲ್ಲುತ್ತಿದ್ದವು. ಒಂದು ಕಡೆ ನೆಲದ ತುಂಬ ಬೈಗೆ ಮೀನು ಒಣಗಲು ಹರಡಿತ್ತು. ಮಂಗಳೂರಿನವರ ಬೂತಾಯಿ, ಇಂಗ್ಲಿಷಿನ ಸಾರ್ಡಿನ್. ಆ ವಾಸನೆಗೆ ನಾನು ಒಮ್ಮೆಲೇ ಗಂಗೊಳ್ಳಿಗೆ ಹೋಗಿಬಂದೆ. ಯಾರು ತಿನ್ನುತ್ತಾರೆ ಎಂದು ಕೇಳಿದರೆ ಸಲೀಂ, “ಒಂಟಿಗೆ ಮಾಷ್ಟ್ರೆ, ದನಕ್ಕೂ ಹಾಕ್ತ್ರ್,” ಎಂದ. ಇಸ್ಮಾಯಿಲನಂಥವರು ಸಮುದ್ರದಲ್ಲಿ ಬೆನ್ನು ಮುರಿದುಕೊಂಡು ಹಿಡಿದ ಮೀನನ್ನು ಒಂಟೆ ತಿನ್ನುತ್ತದೆ. ತಿನ್ನಲಿ. ಒಂಟೆಯ ಮೇಲೆ ನನಗೇನೂ ಸಿಟ್ಟಿಲ್ಲ.

ಹಳ್ಳಿಯ ಗೋರಿಬಯಲು

ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿನವರು ತಪ್ಪು ಮಾಡಿದಂತೆ ಕಾಣುತ್ತದೆ. ಅವರು ತಪ್ಪು ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಊರ ಹೊರಗೆ, ಗುಡ್ಡಕ್ಕೂ ಕಡಲಿಗೂ ನಡುವೆ ಬಯಲು. ಒಂದು ಬದಿಯಲ್ಲಿ ಹಳೆಯ ಗೋರಿಗಳು, ಆರೇಳು ನೂರು ವರ್ಷದವು. ಅವುಗಳ ವಿಷಯ ಮಗಳು ಮೊದಲೇ ಹೇಳಿದ್ದಳು, ಚರಿತ್ರೆಯ ಮೇಷ್ಟ್ರಿಗೆ ಖುಷಿಯಾಗಲಿ ಎಂದು. ನಿಜಕ್ಕೂ ಖುಷಿಯಾಯಿತು. ಎದೆಯೆತ್ತರದ ಬೂದುಗಲ್ಲುಗಳು. ಅವುಗಳ ಮೈತುಂಬ ಬಳ್ಳಿ ಹಬ್ಬಿದಂತೆ ಅರಬ್ಬಿ ಅಕ್ಷರ. ಮೇಲೆ ಕಮಾನು, ಕಮಾನಿನಡಿ ಸರಪಳಿಗೆ ತೂಗುಹಾಕಿದ ದೀಪ, ಎಲ್ಲ ಕಲ್ಲಿನಲ್ಲೇ. ಉಪ್ಪುಗಾಳಿಗೆ ಅಂಚು ಸವೆದಿತ್ತು, ಅಕ್ಷರ ಸವೆದಿರಲಿಲ್ಲ. ಸಲೀಂ ಬೆರಳಿಟ್ಟು ಓದಿದ: ಇವನು ವ್ಯಾಪಾರಿ, ಇಂಥವನ ಮಗ, ಅವನು ಇಂಥವನ ಮಗ, ಅವನ ತಂದೆ ಇಂಥವನು. ಅಕ್ಷರಗಳು ಕಲ್ಲಿನ ಬೆನ್ನಿಗೂ ಹಬ್ಬಿ, ಅಲ್ಲಿ ಇನ್ನಿಬ್ಬರು ಪೂರ್ವಿಕರು ನಿಂತಿದ್ದರು.

ಬಸರೂರಿನ ಅಕ್ಕಿ ಹಡಗಿನಲ್ಲಿ ಈ ದಂಡೆಗಳಿಗೆ ಬರುತ್ತಿತ್ತೆಂದು, ಇಲ್ಲಿಯ ಕುದುರೆ ಬಾರ್ಕೂರಿಗೆ ಇಳಿಯುತ್ತಿತ್ತೆಂದು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಆ ಅಕ್ಕಿ ತಿಂದವರು ಇವರೇ ಇರಬೇಕು ಎಂದುಕೊಂಡು ಕಲ್ಲು ಸವರಿದೆ. ನಮ್ಮಲ್ಲಾದರೆ ಇಂಥ ಕಲ್ಲಿಗೆ ಎಮ್ಮೆ ಕಟ್ಟುತ್ತಾರೆ. ವೀರಗಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ಬಾರ್ಕೂರಿನಲ್ಲೇ ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಸುತ್ತ ಕಟ್ಟೆ ಕಟ್ಟಿ, ಗುಡಿಸಿ, ಒಂದು ಹುಲ್ಲೂ ಬೆಳೆಯದಂತೆ ಇಟ್ಟಿದ್ದರು.

ಆಮೇಲೆ ಹೊಸ ಗೋರಿಗಳ ಕಡೆ ತಿರುಗಿದೆವು. ಈ ಹಳ್ಳಿಯವರು ಈಗ ಗೋರಿಯ ಮೇಲೆ ಹೆಸರು ಬರೆಯುವುದಿಲ್ಲ. ಬಡವ, ಬಲ್ಲಿದ ಎಲ್ಲರೂ ಒಂದೇ ಎಂದು, ಕಡಲಿನಿಂದ ತಂದ ಒರಟು ಕಲ್ಲು ನೆಟ್ಟು ಬಿಡುತ್ತಾರೆ. ಅದೂ ಗೊತ್ತಿತ್ತು ನನಗೆ. ನಾರಾಯಣನ ಕಲ್ಲು ಇದೆಯಲ್ಲ ಎಂದು ನಿಶ್ಚಿಂತೆಯಿಂದ ಹೆಜ್ಜೆ ಹಾಕಿದೆ.

ಮೊದಲ ಸಾಲಿನಲ್ಲೇ ಒಂದು ಮೂರು ಕಲ್ಲಿನ ಗೋರಿ ಸಿಕ್ಕಿತು. ಫೋಟೋ ತೆಗೆಯಲು ಫೋನು ಹೊರತೆಗೆದೆ. ಅದರ ಪಕ್ಕದಲ್ಲಿ ಇನ್ನೊಂದು. ಅದರಾಚೆ ಮತ್ತೆರಡು. ಕತ್ತೆತ್ತಿ ನೋಡಿದರೆ ಬಯಲಿನ ಅರ್ಧಕ್ಕರ್ಧ ಗೋರಿಗಳಿಗೆ ಮೂರು ಕಲ್ಲು. ಕಡಲ ಬದಿಯ ಗೋಡೆಗೆ ಓಡಿದೆ, ನನ್ನ ಮೊಣಕಾಲು ಮರೆತು. ಅಲ್ಲೂ ಅದೇ. ಎರಡು ಕಲ್ಲಿನವು, ಮೂರು ಕಲ್ಲಿನವು, ಒಂದರ ಪಕ್ಕ ಒಂದು.

ಸಲೀಮನಿಗೆ ನಾರಾಯಣನ ಕಲ್ಲಿನ ಸಂಗತಿ ಹೇಳಿದ್ದು ಆಗಲೇ. ಅವನು ಕೈ ಸೊಂಟದ ಮೇಲಿಟ್ಟು ನಿಂತಿದ್ದ. “ಮಾಷ್ಟ್ರೆ, ಇಲ್ಲ್ ಒಂದ್ ಲೆಕ್ಕ ಇತ್ತ್,” ಎಂದ ಮೆಲ್ಲಗೆ. “ಎರ್ಡ್ ಕಲ್ ಅಂದ್ರೆ ಗಂಡ್ಸ್. ಮೂರ್ ಕಲ್ ಅಂದ್ರೆ ಹೆಂಗ್ಸ್. ನಿಮ್ಮ್ ನಾರಾಯಣ ಅವ್ನನ್ನ್ ಹೆಂಗ್ಸ್ ಮಾಡಿದ ಕಾಣಿ.”

ನನಗೆ ನಗು ಬಂತು, ಸುಳ್ಳೇಕೆ ಹೇಳಲಿ. ನಗು ಮುಗಿಯುವಷ್ಟರಲ್ಲಿ ಆದದ್ದೇನೆಂದು ಅರ್ಥವಾಯಿತು. ನಾರಾಯಣ ಬಂದದ್ದು ಸಂಜೆಗತ್ತಲಲ್ಲಿ. ಗೆಳೆಯನ ಆಚೀಚೆಯ ನಾಲ್ಕು ಗೋರಿ ಕಂಡಿರಬೇಕು, ನಾಲ್ಕೂ ಗಂಡಸರವು. ಅಷ್ಟರಿಂದ ಇಡೀ ಬಯಲಿನ ಲೆಕ್ಕ ಹಾಕಿದ್ದ.

ಹಿರಿಯರ ಮನೆ

ಗೋರಿಬಯಲನ್ನು ನೋಡಿಕೊಳ್ಳುವುದು ಊರಿನ ಒಬ್ಬ ಹಿರಿಯರು. ಸಲೀಂ ಮರುದಿನ ಅವರ ಮನೆಗೆ ಕರೆದುಕೊಂಡು ಹೋದ. ಬಾಗಿಲಲ್ಲೇ ಸಲೀಮನ ಮೂಗಿಗೆ ಮೂಗು ತಾಗಿಸಿ ಸ್ವಾಗತಿಸಿದರು. ನನ್ನ ಕಡೆಯೂ ಮೂಗು ಬಂತು. ನಾನು ಗಾಬರಿಯಲ್ಲಿ ನಮಸ್ಕಾರಕ್ಕೆ ಬಗ್ಗಿದೆ. ಅವರ ಮೂಗು ನನ್ನ ನೆತ್ತಿಗೆ ಬಡಿಯಿತು. ಒಳಗೆ ಸಾಂಬ್ರಾಣಿಯ ಹೊಗೆ, ಗೋಡೆಯುದ್ದಕ್ಕೂ ದಿಂಬು. ಪುಟ್ಟ ಬಟ್ಟಲಲ್ಲಿ ಕಹಿ ಕಾಫಿ, ಜತೆಗೆ ಖರ್ಜೂರ. ಬಟ್ಟಲು ಖಾಲಿಯಾದರೆ ಮತ್ತೆ ತುಂಬುತ್ತಾರೆ. ಮರ್ಯಾದೆಗೆ ಮತ್ತೆ ಕುಡಿದೆ, ಮತ್ತೆ ತುಂಬಿದರು. ಸಾಕೆನ್ನುವವರು ಬಟ್ಟಲನ್ನು ಕೈಯಲ್ಲೇ ಅಲುಗಿಸಬೇಕಂತೆ. ಅದನ್ನು ಸಲೀಂ ಹೇಳಿದ್ದು ನನ್ನ ಎದೆ ಢವಢವ ಹೊಡೆದುಕೊಳ್ಳಲು ಶುರುವಾದ ಮೇಲೆ.

ವಿಷಯ ಹೇಳಿದೆ. ಹಿರಿಯರ ಮುಖ ಅರಳಿತು. ಅವರಿಗೆ ನೆನಪಿತ್ತು. ಹಿಂದುಸ್ತಾನದ ಮೀನುಗಾರ, ಬೋಟಿನಿಂದ ಎತ್ತಿ ತಂದವರಲ್ಲಿ ತಾನೂ ಒಬ್ಬ ಎಂದರು. ಸ್ನಾನ ಮಾಡಿಸಿದ್ದು ತನ್ನ ತಮ್ಮ. ಇಡೀ ಊರು ನಮಾಜಿಗೆ ನಿಂತಿತ್ತು. ಯಾರೋ ಏನೋ ಎಂದು ಯಾರೂ ಮನೆಯಲ್ಲಿ ಕೂರಲಿಲ್ಲ. ಇದನ್ನೆಲ್ಲ ಸಲೀಂ ಕನ್ನಡಕ್ಕೆ ಹೇಳುತ್ತಿದ್ದಾಗ, ಜೈನಾಬಿಗೆ ಹೇಳಲು ಏನೋ ಒಂದು ಸಿಕ್ಕಿತಲ್ಲ ಎಂದು ನಾನು ಒಳಗೊಳಗೇ ಜೋಡಿಸಿಕೊಳ್ಳುತ್ತಿದ್ದೆ.

“ಮೂರನೇ ಕಲ್ಲು?” ಎಂದು ಕೇಳಿಸಿದೆ.

ಹೌದು, ಅದೂ ನೆನಪಿದೆ ಎಂದರು. ಮರುದಿನ ಬೆಳಿಗ್ಗೆ ನೋಡಿದರೆ ನಡುವೆ ಒಂದು ಕಲ್ಲು! ಯಾರು ನೆಟ್ಟರೋ ತಿಳಿಯಲಿಲ್ಲ. ಪರದೇಶದಲ್ಲಿ ಸತ್ತ ಬಡಪಾಯಿ, ಗಂಡಸು, ಹೆಂಗಸಿನ ಗುರುತು ಹೊತ್ತು ಮಲಗುವುದೇ? ಅವನ ಮಾನ ಕಾಯುವವರು ಇಲ್ಲಿ ಯಾರಿದ್ದಾರೆ, ನಾವಲ್ಲದೆ? ಅದಕ್ಕೇ ತನ್ನ ಕೈಯಾರೆ ಆ ಕಲ್ಲು ಕಿತ್ತು ನೆಲ ಸರಿಮಾಡಿದೆ ಎಂದರು. ಹೇಳುವಾಗ ಆ ಮುದುಕರು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು.

“ಈಗ ಯಾವುದು ಅವನದು?”

ಗೋಡೆಯ ಹತ್ತಿರದ ಆ ಸಾಲಿನಲ್ಲೇ ಒಂದು. ಆಮೇಲೆ ಆ ಸಾಲಿಗೆ ಬೇರೆಯವರೂ ಬಂದರು. ಒಂದು ವರ್ಷ ಬಿರುಗಾಳಿಗೆ ಕಲ್ಲುಗಳು ಉರುಳಿದವು, ಮತ್ತೆ ನೆಟ್ಟೆವು. ಯಾವುದೆಂದು ದೇವರಿಗೆ ಗೊತ್ತು.

“ನೀವು ಗುರುತು ಇಟ್ಟುಕೊಳ್ಳಬಹುದಿತ್ತಲ್ಲ?” ನನ್ನ ದನಿ ಏರಿತು. ಸಲೀಂ ನನ್ನ ಮುಖ ನೋಡಿ, ಅದನ್ನು ಮೆತ್ತಗೆ ಮಾಡಿಯೇ ದಾಟಿಸಿರಬೇಕು. ಹಿರಿಯರು ಒಂದೇ ಮಾತು ಹೇಳಿದರು. ಸಲೀಂ ನೆಲ ನೋಡುತ್ತ ಅನುವಾದಿಸಿದ: “ಇಷ್ಟ್ ವರ್ಷ ಯಾರೂ ಕೇಂಬುಕೇ ಬರ್ಲಿಲ್ಲ ಅಂಬ್ರ್.”

ಯಾರು ಬರಬೇಕಿತ್ತು? ಮೀನು ಒಣಗಿಸುವ ಹೆಂಗಸು ವಿಮಾನ ಹತ್ತಿ ಬರಬೇಕಿತ್ತೇ?

ಹಿಂದಿರುಗುವಾಗ ಮತ್ತೊಮ್ಮೆ ಗೋರಿಬಯಲಿಗೆ ಹೋದೆವು. ಹಳೆಯ ಬೂದುಗಲ್ಲುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ವ್ಯಾಪಾರಿ, ವ್ಯಾಪಾರಿಯ ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲರೂ ಹಾಜರು. ಅವನ ಹಡಗಿನ ಹುಟ್ಟು ಹಾಕಿದವರು, ಅಕ್ಕಿ ಮೂಟೆ ಹೊತ್ತವರು ಎಲ್ಲಿದ್ದಾರೋ. ಜೀವನವಿಡೀ ಶಾಸನದ ಕಲ್ಲು ಕಂಡರೆ ಕೈಮುಗಿಯುತ್ತಿದ್ದವನಿಗೆ ಅಂದು ಅದರ ಮೇಲೆ ಅಸಹ್ಯ ಹುಟ್ಟಿತು. ಮೊನ್ನೆ ಮೊನ್ನೆ ಸತ್ತ ನನ್ನ ವಿದ್ಯಾರ್ಥಿ ಸಿಗುವುದಿಲ್ಲ, ಈ ಸಾಹುಕಾರನ ಮುತ್ತಜ್ಜ ಸಿಗುತ್ತಾನೆ.

ಸಲೀಂ ಒಂದು ಉಪಾಯ ಹೇಳಿದ. “ಮಾಷ್ಟ್ರೆ, ಎರ್ಡ್ ಕಲ್ಲಿನದ್ದ್ ಯಾವ್ದಾರೂ ಒಂದರ ಫೋಟೋ ತೆಗ್ದ್ ಕಳ್ಸಿ. ಪಾಪದ್ ಹೆಣ್ಣ್. ಅವ್ಳಿಗ್ ಗೊತ್ತಾತ್ತಾ?” ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನನಗೆ ಆಗಲಿಲ್ಲ. ಇಡೀ ಸಾಲಿನ ಫೋಟೋ ತೆಗೆದೆ.

ಮತ್ತೆ ಸಲಾಲ: ಒಂದು ಫೋನು

ಫೋಟೋ ತಲುಪಿದ ಕೂಡಲೇ ಜೈನಾಬಿಯೇ ಫೋನು ಮಾಡಿದಳು.

“ಇದ್ರಂಗೆ ಯಾವ್ದ್ ಮಾಷ್ಟ್ರೆ?”

ಮಗಳ ಮನೆಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬೋಟಿನಿಂದ ಎತ್ತಿ ತಂದದ್ದು, ನಮಾಜಿಗೆ ಊರೇ ನಿಂತದ್ದು, ನಾರಾಯಣನ ಕಲ್ಲು, ಮುದುಕರು ಅದನ್ನು ಕಿತ್ತದ್ದು. ಲೈನು ಕಡಿದುಹೋಯಿತೋ ಎಂದು ಎರಡು ಸಲ ಹಲೋ ಎಂದೆ.

“ಇದ್ದೆ,” ಎಂದಳು. ಆಮೇಲೆ, “ಎಲ್ಲರೂ ಒಳ್ಳೇದೇ ಮಾಡ್ರ್ ಅಲ್ದಾ ಮಾಷ್ಟ್ರೆ? ಒಳ್ಳೇದ್ ಮಾಡ್ದರೆಲ್ಲ ಸೇರಿ ಅವ್ರನ್ನ್ ಕಳ್ದ್ ಹಾಕ್ರ್.”

ಬೈಯಲು ಒಬ್ಬ ಕೆಟ್ಟವನು ಸಿಕ್ಕಿದ್ದರೆ ಇಬ್ಬರೂ ಸೇರಿ ಬೈಯಬಹುದಿತ್ತು. ಅದೂ ಇಲ್ಲ. ಅವಳು ಅತ್ತಳು. ಯಾವ ದಿಕ್ಕಿಗೆ ಮುಖ ಮಾಡಿ ಅತ್ತಳೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಕೊನೆಗೆ ಮೂಗು ಒರೆಸಿಕೊಂಡು ಹೇಳಿದಳು: “ಒಂದ್ ಮಾತ್ ಮಾಷ್ಟ್ರೆ. ನಾರಾಯಣಣ್ಣಂಗೆ ಇದ್ ಹೇಳುದ್ ಬೇಡ. ಅಂವ ಆ ಕಲ್ಲಿನ್ ಸುದ್ದಿ ದಿನಾ ಒಂದ್ ಸಲ ಹೇಳ್ತ. ಇಸ್ಮಾಯಿಲಂಗೆ ತಾನ್ ಎಂತದೋ ಒಂದ್ ಮಾಡ್ದೆ ಹೇಳಿ ಅದೊಂದೇ ಸಮಾಧಾನ ಅವ್ನಿಗೆ. ಮೂರ್ ಕಲ್ ಇತ್ತ್ ಅಂದೇಳಿ ಹೇಳಿ.”

ನನಗೆ ಸಿಟ್ಟು ಬಂತು. ಗಂಡನೂ ಇಲ್ಲ, ಗಂಡನ ಗೋರಿಯೂ ಇಲ್ಲ, ಅದರ ಮೇಲೆ ಅವನ ಗೆಳೆಯನ ಸಮಾಧಾನವನ್ನೂ ಇವಳೇ ಹೊರಬೇಕು. ಆದರೂ ಸರಿ ಎಂದೆ. ಫೋನು ಇಟ್ಟಮೇಲೆ ಮಗಳು ಊಟಕ್ಕೆ ಕರೆದಳು. ಊರಿನ ಕೊಚ್ಚಕ್ಕಿ ಅನ್ನ ಮಾಡಿದ್ದಳು.

ಸಲಾಲದಲ್ಲಿ ಇನ್ನೂ ಕೆಲವು ದಿನ ಇದ್ದೆ. ಮಗಳು ಕಡಲಿನಿಂದ ನೀರು ಚಿಮ್ಮುವ ಬಂಡೆಗಳನ್ನು, ಸಾಂಬ್ರಾಣಿ ಒಸರುವ ಮರಗಳನ್ನು ತೋರಿಸಿದಳು. ಚೆನ್ನಾಗಿದ್ದವು ಎಂದು ಕಾಣುತ್ತದೆ.

ತಿರುಗಿ ಗಂಗೊಳ್ಳಿ

ಊರಿಗೆ ಬಂದು ಕೆಲವು ದಿನ ತೆಕ್ಕಟ್ಟೆ ಬಿಟ್ಟು ಕದಲಲಿಲ್ಲ. ಎಷ್ಟು ದಿನ ತಪ್ಪಿಸಿಕೊಳ್ಳುವುದು? ಒಂದು ಬೆಳಿಗ್ಗೆ ಹೋದೆ. ಬಂದರಿನಲ್ಲಿ ನಾರಾಯಣ ಅದೇ ಜಾಗದಲ್ಲಿ ಬಲೆ ಹರಡಿಕೊಂಡು ಕೂತಿದ್ದ. ಎದುರಿಗೆ ಕೊಡೇರಿಯ ಶೇಖರ. ಅವನೂ ಮೀನುಗಾರನೇ, ಒಮಾನಿನ ಬೋಟಿಗೆ ಹೋಗಲು ವೀಸಾ ಬಂದಿತ್ತಂತೆ. ಜೈನಾಬಿ ಬುಟ್ಟಿಯ ಮುಂದೆ ಕೂತು ಮೀನು ವಿಂಗಡಿಸುತ್ತಿದ್ದಳು.

“ಹ್ವಾಯ್ ಮಾಷ್ಟ್ರ್ ಬಂದ್ರ್!” ನಾರಾಯಣ ಕೂತಲ್ಲಿಂದಲೇ ಕೂಗಿದ. “ಸಿಕ್ತಂಬ್ರಲೆ? ಜೈನಾ ಹೇಳ್ದ್ಲ್. ನಾನ್ ಹೇಳ್ಲಿಲ್ಯಾ, ಕಣ್ಣ್ ಮುಚ್ಕಂಡ್ ಹೋದ್ರೂ ಸಿಕ್ಕತ್ತ್ ಹೇಳಿ? ಆ ಕಲ್ ಅಲ್ಲೇ ಇತ್ತಾ?”

“ಅಲ್ಲೇ ಇದೆ,” ಎಂದೆ.

“ಅಲ್ಲಾಡಲಿಲ್ಯಾ?”

“ಅಲ್ಲಾಡಿಲ್ಲ ನಾರಾಯಣ.”

ಅವನ ಕಣ್ಣು ತುಂಬಿತು. ಬಲೆಯ ಸೂಜಿ ಹಿಡಿದ ಕೈಯಲ್ಲೇ ಒರೆಸಿಕೊಂಡ. ನಾನು ಜೈನಾಬಿಯ ಕಡೆ ನೋಡಿದೆ. ಅವಳ ಕೈ ನಿಲ್ಲಲಿಲ್ಲ, ದೊಡ್ಡದು ಒಂದು ಬುಟ್ಟಿಗೆ, ಸಣ್ಣದು ಇನ್ನೊಂದಕ್ಕೆ. ನಾರಾಯಣ “ಹೌದಾ ಇಲ್ಯಾ ಜೈನಾ?” ಎಂದು ಕೇಳಿದಾಗ ತಲೆಯೆತ್ತದೆ, “ಹೌದ್ ನಾರಾಯಣಣ್ಣ, ನೀವ್ ಇಟ್ಟದ್ದ್ ಅಲ್ದಾ,” ಎಂದಳು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ನಾರಾಯಣ ಶೇಖರನ ಭುಜ ಹಿಡಿದು ಅಲುಗಿಸಿದ. “ಕೇಂಡ್ಯಾ? ನಿಂಗ್ ರಜೆ ಸಿಕ್ಕದ್ ದಿನ ಆ ಊರಿಗ್ ಹೋಯ್ಕ್. ಕಡ್ಲ್ ಬದಿ ಗೋಡೆ ಹತ್ರ, ಮೂರ್ ಕಲ್ ಇಪ್ಪುದ್. ಎರ್ಡ್ ಹೂಗ್ ಹಾಕಿ, ಕೈ ಮುಗ್ದ್, ನಾರಾಯಣ ಕೇಂಡಿದಾ ಹೇಳಿ ಹೇಳ್ಕ್. ಮರೂಕಾಗ ಕಾಣ್.”

ಶೇಖರ ತಲೆಯಾಡಿಸಿ, ಖಚಿತ ಮಾಡಿಕೊಳ್ಳಲು ನನ್ನ ಕಡೆ ತಿರುಗಿದ. “ಮೂರ್ ಕಲ್ ಅಲ್ದಾ ಮಾಷ್ಟ್ರೆ?”

ಜೈನಾಬಿಯ ಕೈ ಈಗ ನಿಂತಿತು.

“ಹೌದು, ಮೂರು,” ಎಂದೆ.

ಶೇಖರ ಮಾತಿಗೆ ತಪ್ಪುವವನಲ್ಲ. ಹೋಗುತ್ತಾನೆ. ಗೋಡೆಯ ಹತ್ತಿರ ಮೊದಲು ಕಂಡ ಮೂರು ಕಲ್ಲಿನ ಮುಂದೆ ನಿಲ್ಲುತ್ತಾನೆ. ಯಾವುದೋ ಅರಬ್ ಅಜ್ಜಿಯ ಗೋರಿಗೆ ಹೂವಿಟ್ಟು, ಕೈಮುಗಿದು, ಇಸ್ಮಾಯಿಲಣ್ಣ ಎಂದು ಕರೆಯುತ್ತಾನೆ.